ಅಂಬಮ್ಮನ ಚೀಲವೂ ಪಂಪಣ್ಣನ ಏಕಮುಖ ತಾಪಾಸ್ತ್ರವೂ

ಸೂರ್ಯದೇವನು ರಾಯಚೂರಿನ ಮೇಲೆ ಹಳೆಯ ಹಗೆ ಸಾಧಿಸುವವನಂತೆ ಉರಿಯುತ್ತಿದ್ದ ವೈಶಾಖ ಮಾಸದಲ್ಲಿ, ಸೂಚೀಧರನೂ ಕತ್ತರೀಪಾಣಿಯೂ ಗುಂಡಿಕಾಜಾಕೋವಿದನೂ ಆದ, ಹೇಳಿದ ದಿನ ಬಟ್ಟೆ ಕೊಟ್ಟ ಅಪಕೀರ್ತಿ ಎಂದೂ ಅಂಟದ ದರ್ಜಿ ಪಂಪಣ್ಣನ ಮಹಿಮೆಯನ್ನು ಕೇಳಿರಿ.

ಮಧ್ಯಾಹ್ನವಾದರೆ ಆ ವೀರನ ತಗಡಿನ ಮನೆ ರೊಟ್ಟಿಯ ಹೆಂಚು. ಧರ್ಮಪತ್ನಿ ಅಂಬಮ್ಮನು ಚೀಲ ಕಟ್ಟಿಟ್ಟು, ಮನೆ ತಂಪಾಗದಿದ್ದರೆ ಮಾನ್ವಿಯ ತವರಿಗೆ, ಮಣ್ಣಿನ ಮಾಳಿಗೆಯ ನೆರಳಿಗೆ ಹೋಗುವೆನೆಂದೂ, ಮಳೆ ಬೀಳುವ ತನಕ ತಿರುಗಿ ನೋಡೆನೆಂದೂ ಸಾರಿದ್ದಳು. ಅವಳಿಲ್ಲದೆ ಒಂದು ತುತ್ತೂ ಗಂಟಲಲ್ಲಿ ಇಳಿಯದೆಂದು ಪಂಪಣ್ಣನಿಗೆ ಗೊತ್ತು. ಬಾಯಿಬಿಟ್ಟು ಹೇಳುವುದು ಮಾತ್ರ ವೀರಧರ್ಮಕ್ಕೆ ಒಪ್ಪದಲ್ಲ!

ಆದಕಾರಣ ಅವನು ಪೇಟೆಯಿಂದ ದಿವ್ಯಾಸ್ತ್ರವೊಂದನ್ನು ತಂದನು. ಮನೆಯ ಬಿಸಿಯನ್ನು ಮೇಲಕ್ಕೆ ಬಿಡುವ, ಮೇಲಿನ ಬಿಸಿಯನ್ನು ಕೆಳಕ್ಕೆ ಬಿಡದ, ಒಂದು ಮಗ್ಗುಲು ಮಾಸಲು, ಇನ್ನೊಂದು ಮಗ್ಗುಲು ಥಳಥಳ ಹೊಳೆಯುವ ಏಕಮುಖ ಹಾಳೆ. ಹೊಳೆಯುವ ಮಗ್ಗುಲು ಆಕಾಶಕ್ಕಿರಲಿ ಎಂದು ಅಂಗಡಿಯವನು ಎರಡು ಸಲ ಹೇಳಿದ್ದನ್ನು ನಮ್ಮ ಮಹಾರಥಿ ಒಂದು ಸಲವೂ ಕೇಳಿಸಿಕೊಳ್ಳಲಿಲ್ಲ.

ಏಣಿಯೇರಿ, ಮೊಳೆಗಳನ್ನು ಹಲ್ಲಲ್ಲಿ ಕಚ್ಚಿ ಗರ್ಜಿಸಿದನು: “ಮೂವತ್ತು ವರ್ಷ ಬಟ್ಟಿ ಹೊಲಿದೀನಿ. ಚಂದ ಇರೋ ಮಗ್ಗಲಾ ನಾಕು ಮಂದಿಗೆ ಕಾಣಬೇಕು. ಪಾರಿವಾಳಕ್ಕ ತೋರ್ಸಾಕ ತಂದೀನೇನು?”

ಹೀಗೆ ಬೆಳ್ಳಿಯ ಛಾವಣಿ ಕೆಳಮುಖವಾಗಿ ಮೆರೆಯಿತು. ಓಣಿಯವರು ಬಂದು ನೋಡಿ, ಹೊಗಳಿ, ಬೆವರು ಒರೆಸಿಕೊಂಡು ಬೇಗನೆ ಹೊರಬಿದ್ದರು. ಸೂರ್ಯನ ಬಿಸಿಯೆಲ್ಲ ಕರೆದ ನೆಂಟನಂತೆ ಒಳಬಂದು ಕೂತಿತು. ಎದ್ದು ಹೋಗಲು ದಾರಿಯೇ ಇರಲಿಲ್ಲ. ಕೊಡದ ನೀರು ಕಾದಿತು. ವೀರನ ಮೀಸೆ ಜೋತುಬಿದ್ದಿತು. ತಂಪಾಗುತ್ತಿದೆ, ತುಸು ತಾಳಬೇಕು ಎಂದು ಅವನು ಬನಿಯನ್ ಹಿಂಡುತ್ತಲೇ ವಾದಿಸಿದನು.

ಅಂಬಮ್ಮ ಚೀಲ ಹೆಗಲಿಗೇರಿಸಿ, ಹೊಸ್ತಿಲಲ್ಲಿ ನಿಂತು, ಒಮ್ಮೆ ಮೇಲೆ ನೋಡಿದಳು. ಹಾಳೆಯ ಉಳಿದ ತುಂಡನ್ನು ಬಿಸಿಲಿಗೆ ಹಿಡಿದು, ಅದರ ಕೆಳಗೆ ಅಂಗೈಯಿಟ್ಟಳು. ತಿರುವಿ ಹಿಡಿದು, ಮತ್ತೆ ಅಂಗೈಯಿಟ್ಟಳು.

“ಉಲ್ಟಾ ಹಚ್ಚೀರಿ,” ಅಂದಳು. “ಬಿಚ್ಚಿ ತಿರುವ್ರಿ.”

ಬಿಚ್ಚಿ ಹೊಲಿಯುವ ಮಾತು ಬಂದೊಡನೆ, ಮೂವತ್ತು ವರ್ಷದ ಚಾಳಿ ವೀರನ ನಾಲಗೆಯ ಮೇಲೆ ತಾನಾಗಿ ಕುಣಿಯಿತು. “ಬುಧವಾರ ಮಾಡಿಕೊಡ್ತೀನಿ.”

“ಆತು. ಬುಧವಾರ ತಿರುವಿದ್ರ, ಗುರುವಾರ ಬರ್ತೀನಿ,” ಎಂದು ಅವಳು ಚಪ್ಪಲಿ ಮೆಟ್ಟಿದಳು.

ಪಂಪಣ್ಣ ಆ ಕ್ಷಣವೇ ಏಣಿ ಏರಿದ. ಅಂಬಮ್ಮ ಚೀಲ ಕೆಳಗಿಟ್ಟು ಏಣಿ ಹಿಡಿದಳು. ಆ ದರ್ಜಿಯ ಚರಿತ್ರೆಯಲ್ಲೇ ಮೊದಲ ಸಲ, ಹೇಳಿದ ಕೆಲಸ ಹೇಳಿದ ದಿನವೇ ಮುಗಿಯಿತು.