ಸೇತುರಾಮರ ಸೊಳ್ಳೆ ಕಾವಲು

ಹೋದ ವರ್ಷ ಡೆಂಗ್ಯೂ ಬಂದು ಬದುಕಿಕೊಂಡಾಗಿನಿಂದ ಸೇತುರಾಮರಿಗೆ ಸೊಳ್ಳೆ ಎಂದರೆ ಅಸಡ್ಡೆ. ಬಂದ ರೋಗ ಮತ್ತೆ ಬರುವುದಿಲ್ಲ ಎಂದು ತ್ಯಾಗರಾಜನಗರದ ತಮ್ಮ ಬೀದಿಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದರು. ವಿಮಾ ಕಂಪನಿಯಲ್ಲಿ ಜನ್ಮ ಸವೆಸಿ ನಿವೃತ್ತರಾದವರು, ಇಂಥ ಭರವಸೆ ಕೊಡುವುದು ಅವರಿಗೆ ರೂಢಿ. ಎದುರು ಮನೆಯ ಪಂಕಜಾ ಜ್ವರದ ಮದ್ದಿಗೆ ಇರಲಿ ಎಂದು ಹೋದ ವಾರ ಕೊಟ್ಟಿದ್ದ ಪರಂಗಿ ಎಲೆಯನ್ನು ಬಾಡದಿರಲೆಂದು ಬಕೆಟ್ಟಿನ ನೀರಿಗೆ ಹಾಕಿ ತಮ್ಮ ಮನೆಯ ಮೆಟ್ಟಿಲ ಕೆಳಗಿಟ್ಟು ಮರೆತೂ ಬಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ಬಿಪಿ ತೋರಿಸಲು ಹೋದಾಗ ಡಾಕ್ಟರ್ ಸಮನ್ವಿತಾ ಆ ಜಂಬಕ್ಕೆ ಸೂಜಿ ಚುಚ್ಚಿದರು.

"ಡೆಂಗ್ಯೂ ವೈರಸ್ಸಲ್ಲಿ ನಾಲ್ಕು ಥರ ಇದೆ ಅಂಕಲ್. ನಿಮ್ಮ ಮೈಯ ಕಾವಲುಗಾರರಿಗೆ ಗೊತ್ತಿರೋದು ಒಂದೇ. ಇನ್ನೊಂದು ಥರದ್ದು ಬಂದ್ರೆ ಹಳೇ ಕಳ್ಳ ಅಂತ ಹಿಡ್ಕೋತಾರೆ, ಕೊಲ್ಲಕ್ಕಾಗಲ್ಲ. ಕೊನೆಗೆ ತಾವೇ ಕೈಹಿಡಿದು ಜೀವಕೋಶದ ಒಳಗೆ ಬಿಟ್ಟುಬರ್ತಾರೆ. ಎರಡನೇ ಸಲ ಜೋರಾಗೋದು ಎಷ್ಟೋ ಸಲ ಅದಕ್ಕೇ."

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಸೇತುರಾಮರಿಗೆ ನಿಜಕ್ಕೂ ಹೆದರಿಕೆಯಾಯಿತು. ಮೂಳೆ ಮುರಿದಂಥ ನೋವು, ಆಸ್ಪತ್ರೆ ಮಂಚದ ಪಕ್ಕ ಹೆಂಡತಿ ಅತ್ತದ್ದು, ಎಲ್ಲ ನೆನಪಾಯಿತು. ಮೈಯೊಳಗಿನ ಕಾವಲನ್ನು ನಂಬುವಂತಿಲ್ಲವಾದರೆ ಬೀದಿಯನ್ನೇ ಕಾಯುತ್ತೇನೆ, ಇಂದು ಸಂಜೆಯೊಳಗೆ ಒಂದು ಹನಿ ನಿಂತ ನೀರೂ ಉಳಿಯಬಾರದು ಎಂದು ಹಟ ತೊಟ್ಟರು.

ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಮೈಗೆಲ್ಲ ಬೇವಿನೆಣ್ಣೆ ಬಳಿದುಕೊಂಡು ಹೊರಟರು. ಪಕ್ಕದ ಮನೆಯ ನೀಲಕಂಠಪ್ಪನವರು ನೆಂಟರಿಗೆಂದು ಗುಲಾಬಿ ತೇಲಿಬಿಟ್ಟಿದ್ದ ಹಿತ್ತಾಳೆ ಬೋಗುಣಿ ಮೊದಲು ಮಗುಚಿತು. ಪಂಕಜಾರ ಅಡುಗೆಮನೆಗೇ ನುಗ್ಗಿ ಫ್ರಿಜ್ಜಿನ ಹಿಂದೆ ನೀರು ನಿಲ್ಲುವ ಟ್ರೇ ಎಳೆದರು. ಫ್ರಿಜ್ಜೂ ಜೊತೆಗೆ ಬಂದು ಸಾರಿನ ಪಾತ್ರೆ ನೆಲ ಕಂಡಿತು. ಬೀದಿಗೇ ಹಿರಿಯರಾದ ಅಕ್ಕಯಮ್ಮನವರು ಹಕ್ಕಿಗಿಟ್ಟ ನೀರು ಚೆಲ್ಲಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಜಗುಲಿಯ ಮೇಲೆ ನೆನೆಸಿಟ್ಟಿದ್ದ ದೋಸೆ ಅಕ್ಕಿಯನ್ನೂ ಮೋರಿಗೆ ಸುರಿದರು.

"ಸೇತೂ, ಅದು ನಾಳೆ ತಿಂಡಿ ಕಣೋ," ಎಂದರು ಅಕ್ಕಯಮ್ಮ.

"ನಿಂತ ನೀರು ನಿಂತ ನೀರೇ ಅಕ್ಕಯಮ್ಮ. ನನ್ನ ಪ್ರಾಣದ ಪ್ರಶ್ನೆ."

ಸಂಜೆಯ ಹೊತ್ತಿಗೆ ಅರ್ಧ ಬೀದಿ ಅವರ ಗೇಟಿನ ಮುಂದೆ ಜಗಳಕ್ಕೆ ಸೇರಿತು. ಸೇತುರಾಮರು ಜಗ್ಗಲಿಲ್ಲ. ವೈರಸ್ಸು, ಕಾವಲುಗಾರ, ಕಳ್ಳ ಎಂದು ಡಾಕ್ಟರ ಪಾಠವನ್ನೆಲ್ಲ ಒಪ್ಪಿಸಿದರು. ಇನ್ನು ಈ ಬೀದಿಯಲ್ಲಿ ಸೊಳ್ಳೆ ಮೊಟ್ಟೆಯಿಡಲು ಜಾಗವೇ ಇಲ್ಲ ಎಂದು ಎದೆ ತಟ್ಟಿಕೊಂಡರು. ಜನ ಸ್ವಲ್ಪ ಮೆತ್ತಗಾದರು.

ಆಗ ಪಂಕಜಾ, ತಮ್ಮ ಯಜಮಾನರಿಗೆ ಮಧ್ಯಾಹ್ನದಿಂದ ಮೈ ಬಿಸಿ, ಹೋದ ವಾರದ ಪರಂಗಿ ಎಲೆ ಉಳಿದಿದ್ದರೆ ಕೊಡಿ ಎಂದು ಕೇಳಿದರು. ಕೊಡುವುದಕ್ಕೇನು, ಫ್ರೆಶ್ಶಾಗಿದೆ ಎಂದು ಸೇತುರಾಮರು ಬಕೆಟ್ಟನ್ನೇ ಎತ್ತಿ ತಂದು ಎಲ್ಲರ ನಡುವೆ ಇಟ್ಟರು.

ನೀಲಕಂಠಪ್ಪ ಮೊಬೈಲಿನ ಟಾರ್ಚ್ ಹಾಕಿದರು. ಕೊಳೆತ ಎಲೆಯ ಸುತ್ತ ನೀರೆಲ್ಲ ಹುಳು, ಕುಣಿಯುತ್ತಿತ್ತು. ಬಕೆಟ್ಟಿನ ಅಂಚಿನಿಂದ ಬಿಳಿಪಟ್ಟೆಯ ಕಾಲಿನ ಸೊಳ್ಳೆಯೊಂದು ಎದ್ದು ಸೇತುರಾಮರ ಕಡೆಗೇ ಹಾರಿತು.

ಅಕ್ಕಯಮ್ಮ ನಿಧಾನವಾಗಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡರು. "ನಿಮ್ಮನೇಲಿ ಇನ್ನೂ ಎಲ್ಲೆಲ್ಲಿ ನೀರಿದೆ, ನಾವೂ ನೋಡ್ಬೇಕಲ್ಲಪ್ಪ."

ಸೇತುರಾಮರು ಮೊಣಕೈ ಕೆರೆದುಕೊಳ್ಳುತ್ತ ಗೇಟು ತೆಗೆದು, ಇಡೀ ಬೀದಿಯನ್ನು ತಾವೇ ಒಳಗೆ ಕರೆದುಕೊಂಡು ಹೋದರು.