ಏಳನೇ ಕೊಕ್ಕೆ

ಏಳನೇ ಕೊಕ್ಕೆಗೆ ಕೀಲಿ ನೇತುಹಾಕಲು ಹೋದ ಹುಡುಕಪ್ಪನ ಕೈ ಅರ್ಧದಲ್ಲೇ ನಿಂತಿತು. ಆ ಕೊಕ್ಕೆಯಲ್ಲಿ ಆಗಲೇ ಒಂದು ಏಳನೇ ಕೀಲಿ ನೇತಾಡುತ್ತಿತ್ತು.

ನೆಲದಡಿಯ ಆ ಸುರಂಗದಲ್ಲಿ ಪ್ರೋಟಾನುಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಆ ಹೊತ್ತಿನಲ್ಲಿ ಒಳಗೆ ನರಪಿಳ್ಳೆಯೂ ಇರಕೂಡದು. ಅದಕ್ಕೇ ಬಾಗಿಲ ಬಳಿ ಹತ್ತು ಕೊಕ್ಕೆಗಳ ಹಲಗೆ. ಒಳಗೆ ಹೋಗುವವರು ತಲೆಗೊಂದು ಕೀಲಿ ಒಯ್ಯಬೇಕು, ಹೊರಬಂದು ಮತ್ತೆ ನೇತುಹಾಕಬೇಕು. ಒಂದು ಕೊಕ್ಕೆ ಖಾಲಿಯಿದ್ದರೂ ಯಂತ್ರ ಮಿಸುಕುವುದಿಲ್ಲ. ಎಲ್ಲರೂ ಹೊರಬಿದ್ದ ಮೇಲೆ ಒಬ್ಬ ಒಂಟಿಯಾಗಿ ಸುರಂಗ ಸುತ್ತಿ, "ಯಾರಾದ್ರೂ ಇದ್ದೀರಾ?" ಎಂದು ಕೂಗಿ, ಬಾಗಿಲು ಬಾಗಿಲಲ್ಲೂ ಗುಂಡಿ ಒತ್ತಿ ಹಸಿರು ದೀಪ ಹೊತ್ತಿಸಿ ಬರಬೇಕು. ಹನ್ನೊಂದು ವರ್ಷ ಅದೇ ಕೆಲಸ ಮಾಡಿ ಅವನ ಹೆಸರೇ ಹುಡುಕಪ್ಪ ಎಂದಾಗಿತ್ತು.

ಹುಡುಕಪ್ಪ ಹುಟ್ಟು ಪುಕ್ಕಲ. ಆ ಪ್ರಶ್ನೆಯನ್ನು ಒಂದು ದಿನವೂ ಉತ್ತರ ಬರಲಿ ಎಂದು ಕೇಳಿದವನಲ್ಲ. ಆದರೆ ಇವತ್ತಿಗೆ ಅದೆಲ್ಲ ಮುಗಿಯಬೇಕಿತ್ತು. ನಾಳೆಯಿಂದ ಮೇಲಿನ ನಿಯಂತ್ರಣ ಕೊಠಡಿಯಲ್ಲಿ, ಕಿಟಕಿಯ ಪಕ್ಕ, ತಿರುಗುವ ಕುರ್ಚಿ. ವರ್ಗಾವಣೆಯ ಆದೇಶ ಸುರಕ್ಷತಾ ಸಾಹೇಬರ ಮೇಜಿನ ಮೇಲಿತ್ತು, ಸಂಜೆ ಸಹಿ ಬೀಳುವುದೊಂದೇ ಬಾಕಿ. ಅವನ ಹೆಂಡತಿಯಂತೂ ಬೀದಿಗೆಲ್ಲ ಸಾರಿಬಿಟ್ಟಿದ್ದಳು.

ಇನ್ನೊಂದು ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಆರು ತಿಂಗಳ ಹಿಂದೆ ನಿಜವಾದ ಏಳನೇ ಕೀಲಿ ಸುರಂಗದೊಳಗೆ, ಮೂರನೇ ಬಾಗಿಲ ಬಳಿ, ಚರಂಡಿಯ ಜಾಲರಿಯೊಳಗೆ ಬಿದ್ದುಹೋಗಿತ್ತು. ಬಗ್ಗಿ ತೆಗೆಯುವ ಧೈರ್ಯವಿರಲಿಲ್ಲ. ಆರನೇ ಕೀಲಿಯನ್ನು ಬೀಗದಂಗಡಿಗೆ ಒಯ್ದು, ಅದರಂತೆಯೇ ಒಂದು ಮಾಡಿಸಿ, ಮೇಲೆ ಏಳು ಎಂದು ಕೆತ್ತಿಸಿ ತಂದಿದ್ದ. ಈಗ ಕೈಯಲ್ಲಿದ್ದದ್ದು ಅದೇ. ಹಾಗಾದರೆ ಕೊಕ್ಕೆಯಲ್ಲಿದ್ದದ್ದು?

ಅವನು ನಕಲಿಯನ್ನು ಮೆಲ್ಲಗೆ ಜೇಬಿಗೆ ಇಳಿಸುವಷ್ಟರಲ್ಲಿ ಗೇಟಿನ ಕಾವಲುಗಾರ ಹಿಂದೆ ಬಂದು ನಿಂತಿದ್ದ.

"ಏನೋ ಅದು, ಹುಡುಕಪ್ಪಾ? ಎರಡೆರಡು ಏಳಾ? ಹತ್ತು ಜನ ಒಳಗೆ ಹೋಗಿ ಹನ್ನೊಂದು ಜನ ಆಚೆ ಬಂದ್ರಾ? ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ, ಈ ಸುರಂಗದ ಗಾಳಿ ಸರಿ ಇಲ್ಲ ಅಂತ!"

ಅವನ ಗಂಟಲಿಗೆ ಧ್ವನಿವರ್ಧಕ ಬೇಕಿರಲಿಲ್ಲ. ಎರಡು ನಿಮಿಷದಲ್ಲಿ ಸಾಹೇಬರು ನಿಯಮದ ಪುಸ್ತಕ ಹಿಡಿದು ಇಳಿದು ಬಂದರು. ಕೀಲಿ ಕಡಿಮೆಯಾದರೆ ಏನು ಮಾಡಬೇಕೆಂದು ಆರು ಪುಟ ಇತ್ತು. ಹೆಚ್ಚಾದರೆ ಏನು ಎಂದು ಒಂದು ಸಾಲೂ ಇರಲಿಲ್ಲ.

"ಇದು ಯಾರೋ ಕಳ್ಳ ಕೀಲಿ ಇಟ್ಕೊಂಡು ಒಳಗೆ ಓಡಾಡ್ತಿರೋ ಹಾಗಿದೆ" ಎಂದರು ಸಾಹೇಬರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹುಡುಕಪ್ಪ ಜೇಬು ಮುಟ್ಟಿ ನೋಡಿಕೊಂಡ.

"ಹುಡುಕಪ್ಪನವರೇ, ಹಸಿರು ದೀಪಗಳನ್ನೆಲ್ಲ ಆರಿಸೋಕೆ ಹೇಳ್ತೀನಿ. ಇನ್ನೊಂದು ಸುತ್ತು ಹೋಗಿ ಬನ್ನಿ. ಆಮೇಲೆ ನಿಮ್ಮ ಆದೇಶಕ್ಕೆ ಸಹಿ."

ಬಾಗಿಲವರೆಗೂ ಜೊತೆಗೆ ಬಂದದ್ದು ಪ್ರೋಟಾನ್ ಮೇಡಂ. ಇಡೀ ಪ್ರಯೋಗ ಅವರದ್ದೇ. ತಡವಾಯಿತೆಂದು ಸಿಡುಕುವ ಬದಲು ಅವರು ಖುಷಿಯಲ್ಲಿದ್ದರು.

"ಹತ್ತು ಹೋಗಿ ಹನ್ನೊಂದಾಯ್ತಾ? ನಮ್ಮ ಪ್ರೋಟಾನೂ ಹಾಗೇ ಕಣ್ರೀ. ಒಳಗೆ ಕ್ವಾರ್ಕು ಅನ್ನೋ ಪುಟಾಣಿ ಕಣ ಮೂರೇ ಅಂದ್ಕೊಂಡಿದ್ವಿ. ಜೋರಾಗಿ ಗುದ್ದಿ ನೋಡಿದಷ್ಟೂ ಇನ್ನೂ ಇನ್ನೂ ಕಾಣಿಸ್ತಾವೆ. ಅದೂ ಜೋಡಿ ಜೋಡಿಯಾಗಿ. ಒಂದು ಕಣ ಹುಟ್ಟಿದ್ರೆ ಅದರ ಪ್ರತಿಕಣ ಹುಟ್ಟಲೇಬೇಕು. ಅದೇ ತೂಕ, ಗುಣ ಮಾತ್ರ ಉಲ್ಟಾ."

"ಆಮೇಲೆ ಅವೆರಡೂ ಏನಾಗ್ತಾವೆ ಮೇಡಂ?"

"ಎದುರುಬದುರಾದ್ರೆ ಎರಡೂ ಮಾಯ. ಒಂದಿಷ್ಟು ಬೆಳಕು ಉಳಿಯುತ್ತೆ, ಅಷ್ಟೆ."

"ಇದನ್ನ ನಾನು ವಾಪಸ್ ಬಂದ ಮೇಲೆ ಹೇಳಬಹುದಿತ್ತು" ಎಂದು ಹುಡುಕಪ್ಪ ಒಳಗೆ ಕಾಲಿಟ್ಟ.

ಸುರಂಗ ತಣ್ಣಗಿತ್ತು. ನೀಲಿ ಬಣ್ಣದ ಅಯಸ್ಕಾಂತಗಳು ಸಾಲಾಗಿ ಬಾಗುತ್ತ ಹೋಗಿ ತಿರುವಿನಲ್ಲಿ ಮರೆಯಾಗುತ್ತಿದ್ದವು. ಮೊದಲ ಬಾಗಿಲು, ಗುಂಡಿ, ಹಸಿರು ದೀಪ. ಎರಡನೇ ಬಾಗಿಲು, ಗುಂಡಿ, ಹಸಿರು ದೀಪ. "ಯಾರಾದ್ರೂ ಇದ್ದೀರಾ?" ಎಂದ, ತನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

ಮುಂದೆ ಎಲ್ಲೋ ಹೆಜ್ಜೆಯ ಸಪ್ಪಳವಾಯಿತು. ಅವನು ನಿಂತ. ಸಪ್ಪಳ ನಿಂತಿತು. ನಾಲ್ಕು ಹೆಜ್ಜೆ ಇಟ್ಟ. ಅತ್ತಲಿಂದಲೂ ನಾಲ್ಕು. ಪ್ರತಿಧ್ವನಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಐದನೆಯ ಹೆಜ್ಜೆ ಅವನು ಇಡಲಿಲ್ಲ, ಅದು ಮಾತ್ರ ಕೇಳಿಸಿತು.

ತಿರುವು ದಾಟಿ ನೋಡಿದರೆ ಮೂರನೇ ಬಾಗಿಲ ದೀಪ ಆಗಲೇ ಹಸಿರಾಗಿ ಉರಿಯುತ್ತಿತ್ತು. ಅದರಾಚೆ ಯಾರೋ ಹಾಯಾಗಿ ಸಿಳ್ಳೆ ಹಾಕುತ್ತಿದ್ದರು.

ಹುಡುಕಪ್ಪ ಓಡಿದ ಓಟಕ್ಕೆ ಪ್ರೋಟಾನು ನಾಚಬೇಕಿತ್ತು. ದೊಡ್ಡ ಬಾಗಿಲು ಮುಚ್ಚುವುದನ್ನೂ ಮರೆತು ಸೀದಾ ಸಾಹೇಬರ ಕೊಠಡಿಗೆ ನುಗ್ಗಿದ.

"ಯಾರೋ ಇದ್ದಾರಾ? ಹಾಗಾದ್ರೆ ಇನ್ನೊಂದು ಸಲ ಹೋಗಿ ಹಿಡ್ಕೊಂಡು ಬನ್ನಿ" ಎಂದರು ಸಾಹೇಬರು.

ಅತ್ತ ದರಿ, ಇತ್ತ ಪುಲಿ. ಮೇಜಿನ ಮೇಲಿನ ಆದೇಶವನ್ನೊಮ್ಮೆ ನೋಡಿದ, ಸುರಂಗವನ್ನೊಮ್ಮೆ ನೆನೆದ. ನಕಲಿ ಕೀಲಿ ತೆಗೆದು ಮೇಜಿನ ಮೇಲಿಟ್ಟು ಗೊಳೋ ಎಂದು ಎಲ್ಲವನ್ನೂ ಒಪ್ಪಿಕೊಂಡ.

ಸಾಹೇಬರು ನಕಲಿ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಎಲ್ಲವನ್ನೂ ನೀಟಾಗಿ ಬಿಡಿಸಿಟ್ಟರು. ಬೆಳಗ್ಗೆ ಗುಡಿಸುವ ಅಕ್ಕನಿಗೆ ಚರಂಡಿಯಲ್ಲಿ ಹಳೇ ಕೀಲಿ ಸಿಕ್ಕಿದೆ, ಅವಳೇ ನೇತುಹಾಕಿದ್ದಾಳೆ. ದೀಪ ಕೆಟ್ಟಿದೆ. ಸಿಳ್ಳೆ ಗಾಳಿ ಕೊಳವೆಯದ್ದು.

"ಆರು ತಿಂಗಳು ಕಳ್ಳ ಕೀಲಿ ಇಟ್ಕೊಂಡು ಓಡಾಡಿದವರಿಗೆ ಕುರ್ಚಿ ಬೇರೆ ಕೇಡು!" ಎಂದು ಆದೇಶವನ್ನು ಹರಿದು ಬುಟ್ಟಿಗೆ ಹಾಕಿದರು. "ನೀವು ನಿವೃತ್ತಿ ಆಗೋವರೆಗೂ ಸುರಂಗದ ಹುಡುಕಾಟ ನಿಮ್ಮದೇ. ಬೇರೆ ಯಾರೂ ಹೋಗಕೂಡದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ಹುಡುಕಪ್ಪ ನಲ್ಲಿಯ ಬಳಿ ಮುಖ ತೊಳೆಯಲು ನಿಂತ. ಪಕ್ಕದಲ್ಲಿ ಗುಡಿಸುವ ಅಕ್ಕ ಪೊರಕೆ ತೊಳೆಯುತ್ತಿದ್ದಳು.

"ಅಕ್ಕಾ, ಚರಂಡೀಲಿ ಸಿಕ್ಕಿದ ಕೀಲೀನ ನನ್ನ ಕೈಗೆ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಯಾವ ಚರಂಡಿ ಅಣ್ಣಾ? ಬೆಳಗ್ಗೆ ಮೂರನೇ ಬಾಗಿಲ ಹತ್ರ ನೀವೇ ಕೊಟ್ರಲ್ಲ, ಏಳನೇ ಕೊಕ್ಕೆಗೆ ಹಾಕಿಬಿಡು ಅಂತ."

"ನಾನಾ? ಬೆಳಗ್ಗೆ ನಾನು ಗೇಟಿನ ಹತ್ರ ಟೀ ಕುಡೀತಿದ್ದೆ!"

"ನಿಮ್ಮನ್ನ ನಾನು ಕಾಣೆನಾ? ಗಡಿಯಾರ ಮಾತ್ರ ಬಲಗೈಗೆ ಕಟ್ಟಿದ್ರಿ. ಸಿಳ್ಳೆ ಹಾಕ್ಕೊಂಡು ನಿಂತಿದ್ರಿ. ಇವತ್ತೇನು ಅಣ್ಣಂಗೆ ಭಯಾನೇ ಇಲ್ವಲ್ಲ ಅಂದ್ಕೊಂಡೆ."

ಹುಡುಕಪ್ಪ ತನ್ನ ಎಡಗೈ ಗಡಿಯಾರ ನೋಡಿಕೊಂಡ. ಅಷ್ಟರಲ್ಲಿ ಧ್ವನಿವರ್ಧಕ ಗೊರಗುಟ್ಟಿತು: "ಏಳನೇ ಕೊಕ್ಕೆ ಖಾಲಿ ಇದೆ. ಯಂತ್ರ ಶುರುವಾಗ್ತಿಲ್ಲ. ಹುಡುಕಪ್ಪನವರೇ, ದಯವಿಟ್ಟು ಸುರಂಗದಿಂದ ಹೊರಗೆ ಬನ್ನಿ."

ಅವನು ಬಾಗಿಲ ಬಳಿ ಓಡಿದ. ಹಲಗೆಯ ಮುಂದೆ ಸಾಹೇಬರೂ ಕಾವಲುಗಾರನೂ ನಿಂತಿದ್ದರು. ಅವನನ್ನು ಕಂಡದ್ದೇ ಕಾವಲುಗಾರನ ಮುಖ ಬಿಳಿಚಿಕೊಂಡಿತು.

"ನೀನು... ಈಗ ತಾನೆ ಕೀಲಿ ತಗೊಂಡು ಒಳಗೆ ಹೋದೆಯಲ್ಲೋ! ಅಂತೂ ಧೈರ್ಯ ಬಂತು ಅಂತ ಬೆನ್ನು ತಟ್ಟಿ ಕಳಿಸಿದ್ನಲ್ಲೋ!"

ಸಾಹೇಬರು ಅವನ ಮುಖ ನೋಡಿದರು, ಖಾಲಿ ಕೊಕ್ಕೆ ನೋಡಿದರು. ಆಮೇಲೆ ಜೇಬಿನಿಂದ ನಕಲಿ ಏಳನ್ನು ತೆಗೆದು ಹುಡುಕಪ್ಪನ ಅಂಗೈಯಲ್ಲಿಟ್ಟರು. ತಾವು ಎರಡು ಹೆಜ್ಜೆ ಹಿಂದೆ ಸರಿದರು.

"ನಿಯಮ ನಿಯಮಾನೇ. ಒಳಗೆ ಯಾರಿದ್ದಾರೆ ನೋಡ್ಕೊಂಡು ಬನ್ನಿ. ಬೇರೆ ಯಾರೂ ಹೋಗೋ ಹಾಗಿಲ್ಲ."

ಬಾಗಿಲು ತೆರೆದುಕೊಂಡಿತು. ಒಳಗಿನಿಂದ, ಮೂರನೇ ಬಾಗಿಲಿನ ಕಡೆಯಿಂದ, ಹುಡುಕಪ್ಪನದೇ ದನಿ ಗಟ್ಟಿಯಾಗಿ, ಉತ್ತರ ಬಂದೇ ಬರುತ್ತದೆ ಎಂಬ ಭರವಸೆಯಲ್ಲಿ ಕೂಗುತ್ತಿತ್ತು: "ಯಾರಾದ್ರೂ ಇದ್ದೀರಾ?"