ಹಬ್ಬಕ್ಕೆಂದು ಎತ್ತಿಟ್ಟ ಉಪ್ಪು

ಉಪ್ಪು ಅಂದರೆ ಉಪ್ಪು, ಅದರಲ್ಲಿ ಕಲಿಯುವುದೇನಿದೆ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಕಚೇರಿಗಳೆಲ್ಲ ಮುಷ್ಕರ ಹೂಡಿದ್ದ ದಿನಗಳವು. ಕರ್ನಾಟಕದ ಗಡಿಗೆ ಅಂಟಿದ ಜಹೀರಾಬಾದಿನ ನೀರಾವರಿ ಕಚೇರಿಯ ಗುಮಾಸ್ತನಾದ ನಾನು ಬೆಳಿಗ್ಗೆ ಘೋಷಣೆ ಕೂಗಿ ಬಂದು, ಉಳಿದ ಹೊತ್ತು ಮನೆಯಲ್ಲಿ ಕೈಕಟ್ಟಿ ಕೂತಿರುತ್ತಿದ್ದೆ. ಕೆಲಸವಿಲ್ಲದ ಗುಮಾಸ್ತ ಎಷ್ಟು ಅಪಾಯಕಾರಿ ಎಂಬುದು ಸರ್ಕಾರಕ್ಕೂ ಗೊತ್ತಿರಲಿಲ್ಲ, ನನ್ನ ಹೆಂಡತಿ ಶಾರದೆಗೂ ಗೊತ್ತಿರಲಿಲ್ಲ.

ಅದೇ ಸಮಯಕ್ಕೆ ಹೈದರಾಬಾದಿನಲ್ಲಿದ್ದ ಅವಳ ತಮ್ಮನಿಗೆ ವರ್ಗವಾಯಿತು. ಅವನು ತನ್ನ ಪಾತ್ರೆ ತೊಳೆಯುವ ಯಂತ್ರವನ್ನು ನಮ್ಮ ಮನೆಗೆ ಸಾಗಿಸಿದ. ಜೊತೆಗೆ ಯಂತ್ರದ ಉಪ್ಪಿನ ಪೊಟ್ಟಣ, ಯಂತ್ರದ ಪುಡಿಯ ಡಬ್ಬಿ. ಬೋರಿನ ಗಡಸು ನೀರಿಗೆ ಆ ದಪ್ಪ ಹರಳಿನ ಉಪ್ಪೇ ಆಗಬೇಕು, ಅಡುಗೆ ಉಪ್ಪು ಹಾಕಬೇಡಿ, ಬಟ್ಟೆ ಸೋಪಿನ ಪುಡಿಯನ್ನಂತೂ ಹತ್ತಿರ ತರಬೇಡಿ ಎಂದು ಫೋನಿನಲ್ಲಿ ಹೇಳಿದ. ನೀರಾವರಿ ಇಲಾಖೆಯವನಿಗೇ ನೀರಿನ ಪಾಠ! ಹೂಂ ಅಂದೆ. ಒಳ್ಳೆಯ ಸಾಮಾನು, ಹಬ್ಬಕ್ಕಿರಲಿ ಎಂದು ಉಪ್ಪು, ಪುಡಿ ಎರಡನ್ನೂ ಅಟ್ಟದ ಮೇಲಿಟ್ಟೆ.

ಆ ವಾರ ಹೆದ್ದಾರಿಯಲ್ಲಿ ‘ವಂಟಾ ವಾರ್ಪು’ ಎಂದು ತೀರ್ಮಾನವಾಯಿತು. ರಸ್ತೆಯ ಮೇಲೆಯೇ ಒಲೆ ಹೂಡಿ, ಅಲ್ಲೇ ಬೇಯಿಸಿ, ಅಲ್ಲೇ ಸಾಲಾಗಿ ಕೂತು ಉಣ್ಣುವ ಚಳವಳಿ. ನಮ್ಮ ಕಾಲನಿಯಲ್ಲಿ ಯಾವ ದೊಡ್ಡ ಅಡುಗೆಯಾದರೂ ಸೌಟು ಎದುರುಮನೆಯ ಕಾಶಮ್ಮನವರ ಕೈಯಲ್ಲೇ. ಈ ಸಲ ಅವರು ಮಂಡಿನೋವೆಂದು ಅದನ್ನು ಶಾರದೆಗೆ ಒಪ್ಪಿಸಿದರು. ಮದುವೆಯಾಗಿ ಬಂದಾಗಿನಿಂದ ಈರುಳ್ಳಿ ಹೆಚ್ಚುವವರ ಸಾಲಿನಲ್ಲೇ ಕೂತಿದ್ದವಳು ನನ್ನ ಶಾರದೆ. ಬೇಳೆ ಚೆನ್ನಾಗಿ ಆದರೆ ಸೌಟು ಅವಳ ಬಳಿಯೇ ಉಳಿಯುತ್ತದೆ. ಕೆಟ್ಟರೆ ಮತ್ತೆ ಈರುಳ್ಳಿ.

ಮನೆಮನೆಯಿಂದ ಸ್ಟೀಲಿನ ತಾಟುಗಳು ಬಂದು ನಮ್ಮ ಅಂಗಳದಲ್ಲಿ ಬಿದ್ದವು. ಒಂದೊಂದರ ಮೇಲೂ ಮನೆಯವರ ಹೆಸರು, ಹೆಸರಿನ ಮೇಲೆ ಧೂಳು. ಶಾರದೆ ಬೂದಿ ಹಿಡಿದು ತೊಳೆಯಲು ಕೂತಳು. ನಾನು ತಡೆದೆ.

“ನೀ ಬ್ಯಾಳಿ ನೋಡ್ಕೋ. ತಾಟ ನನಗ ಬಿಡು.”

“ನಿಮ್ಮಿಂದ ಆಗ್ತದೇನ್ರಿ?”

ಆ ಮಾತಿನಲ್ಲಿದ್ದ ಅನುಮಾನವನ್ನು ನಾನು ಪ್ರೀತಿ ಎಂದು ತಿಳಿದುಕೊಂಡೆ.

ಅವಳು ಹೆದ್ದಾರಿಗೆ ಹೋದಳು. ನಾನು ತಾಟುಗಳನ್ನೆಲ್ಲ ಯಂತ್ರದೊಳಗೆ ತುರುಕಿ, ಅದರ ತಳದಲ್ಲಿದ್ದ ಉಪ್ಪಿನ ಗುಂಡಿಗೆ ಅಡುಗೆ ಉಪ್ಪಿನ ಪೊಟ್ಟಣವನ್ನು ಪೂರ್ತಿ ಸುರಿದೆ. ಮುಚ್ಚಳ ತಿರುಗಲಿಲ್ಲ, ಮೇಲೆ ಸುಮ್ಮನೆ ಒತ್ತಿಟ್ಟೆ. ಬಾಗಿಲಿನಲ್ಲಿದ್ದ ಪುಡಿಯ ಗೂಡಿಗೆ ಬಟ್ಟೆ ಸೋಪಿನ ಪುಡಿ ತುಂಬಿದೆ. ಧೂಳು ಬಹಳ ಇದೆಯಲ್ಲ ಎಂದು ಇನ್ನೊಂದು ಮುಷ್ಟಿ ಒಳಗೇ ಎರಚಿದೆ. ಸ್ವಿಚ್ಚು ಒತ್ತಿ, ಪೇಪರು ಬಿಡಿಸಿಕೊಂಡು ಸಾಹೇಬರ ಠೀವಿಯಲ್ಲಿ ಕೂತೆ.

ಮೊದಲು ಕಾಲು ತಣ್ಣಗಾಯಿತು. ನೋಡಿದರೆ ನೊರೆ! ಯಂತ್ರದ ಬಾಗಿಲ ಸಂದಿಯಿಂದ ಹೊರಟು ಅಡುಗೆಮನೆ ದಾಟಿ, ಕುರ್ಚಿಯ ಕೆಳಗೆ ಬಂದಿತ್ತು. ಟವೆಲ್ಲು ಹಾಸಿದೆ. ಚಾದರ ಹಾಸಿದೆ. ನಾನೇ ಮಲಗುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಯಂತ್ರ ಅರ್ಧಕ್ಕೇ ನಿಂತಿತು. ಹೊರಗೆ ತಾಟು ಒಯ್ಯಲು ಬಂದ ಆಟೋದವನು ಒಂದೇ ಸಮನೆ ಹಾರ್ನು ಹೊಡೆಯುತ್ತಿದ್ದ, ಜನ ಊಟಕ್ಕೆ ಕೂತಿದ್ದಾರಂತೆ. ಇನ್ನೇನು ಮಾಡುವುದು, ತಾಟುಗಳನ್ನು ಹೊರತೆಗೆದು ಪಂಚೆಯಿಂದ ಒರೆಸಿ ಕೊಟ್ಟೆ. ಒಂದೊಂದರ ಮೇಲೂ ತೆಳ್ಳಗೆ ಬಿಳಿ ಪದರವಿತ್ತು. ಅದು ಸ್ವಚ್ಛತೆಯ ಹೊಳಪು ಎಂದೇ ಭಾವಿಸಿದೆ.

ಹೆದ್ದಾರಿಯಲ್ಲಿ ನಾನೂ ಸಾಲಿನಲ್ಲಿ ಕೂತೆ. ಶಾರದೆ ನಗುನಗುತ್ತಾ ಬಡಿಸಿಕೊಂಡು ಹೋದಳು. ಮೊದಲ ತುತ್ತಿಗೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಎರಡನೆಯ ತುತ್ತಿಗೆ ಎಲ್ಲರೂ ನೀರು ಕೇಳಿದರು. ಕಾಶಮ್ಮನವರು ತಾಟನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

“ಶಾರದಾ, ಉಪ್ಪು ಎರಡು ಸರ್ತಿ ಬಿದ್ದಾದ ನೋಡವ್ವ. ಇರ್ಲಿ, ಮೊದಲನೇ ಸಲ ಹಂಗಾ ಆಗ್ತದ,” ಎಂದು ಸೌಟಿಗೆ ಕೈ ಚಾಚಿದರು.

ಶಾರದೆ ಕೊಪ್ಪರಿಗೆಯ ಬೇಳೆಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದಳು. ಉಪ್ಪು ಸರಿಯಾಗೇ ಇತ್ತು. ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ, ಕಣ್ಣು ತುಂಬಿತು. ನನಗೆ ತಿಳಿಯಿತು. ನಾನೂ ನೀರು ಕೇಳಿದೆ, ಅರ್ಧ ನಾಚಿಕೆಗೆ, ಅರ್ಧ ಉಪ್ಪಿಗೆ. ತಲೆ ತಗ್ಗಿಸಿಕೊಂಡು ತಾಟಿನ ಅಂಚಿನ ಬಿಳಿ ಪದರವನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದೆ. ಆದರೆ ಅವಳು ಸೌಟನ್ನು ನಿಜವಾಗಿಯೂ ಕೊಡಲು ಹೋದಾಗ ತಡೆಯಲಾಗದೆ ಎದ್ದು ನಿಂತೆ. ನಾನು ಭಾಷಣಕ್ಕೆ ಎದ್ದೆನೆಂದು ತಿಳಿದ ಮುಖಂಡರೊಬ್ಬರು ಮೈಕನ್ನು ಬಾಯಿಗೇ ಹಿಡಿದರು!

“ಬ್ಯಾಳ್ಯಾಗ ತಪ್ಪಿಲ್ರಿ. ತಪ್ಪು ತಾಟಿನಾಗ ಅದ. ಮಿಷನ್ನಿನಾಗ ಅಡಗಿ ಉಪ್ಪು, ಬಟ್ಟಿ ಸೋಪು ಹಾಕಿ ತೊಳದಾಂವ ನಾನು.”

ಕನ್ನಡ ಬಾರದವರು ಏನಂತೆ ಎಂದರು. ತೆಲುಗಿನಲ್ಲಿ ಹೇಳಿದೆ. ತಡೆದು ನಿಲ್ಲಿಸಿದ್ದ ಲಾರಿಗಳ ಚಾಲಕರಿಗಾಗಿ ಉರ್ದುವಿನಲ್ಲೂ ಹೇಳಬೇಕಾಯಿತು. ಹೀಗೆ ನನ್ನ ಮರ್ಯಾದೆ ಮೂರು ಭಾಷೆಗಳಲ್ಲಿ ಹೋಯಿತು.

ಕಾಶಮ್ಮನವರು ಬಡಿಸದ ತಾಟೊಂದಕ್ಕೆ ಬೆರಳು ಒರೆಸಿ ನೆಕ್ಕಿ, ಮುಖ ಕಿವುಚಿ, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನಾನು ನೀರಿನ ಟ್ಯಾಂಕರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒಲೆಯ ಬೂದಿಯಲ್ಲಿ ಇಡೀ ಕಾಲನಿಯ ಹೆಸರುಗಳನ್ನು ಒಂದೊಂದಾಗಿ ಉಜ್ಜಿದೆ. ಹಸಿದ ಹೆಸರುಗಳೆಲ್ಲ ಸುತ್ತ ನಿಂತು ನೋಡುತ್ತಿದ್ದವು. ಎರಡನೆಯ ಪಂಗತಿಯಲ್ಲಿ ಬೇಳೆಯನ್ನು ಜನ ಕೇಳಿ ಕೇಳಿ ಹಾಕಿಸಿಕೊಂಡರು.

ಮನೆಗೆ ಬರುವಾಗ ಶಾರದೆ ಒಂದೇ ಮಾತು ಕೇಳಿದಳು: “ತಮ್ಮ ಕೊಟ್ಟ ಉಪ್ಪು ಯಾವ ಹಬ್ಬಕ್ಕ ಇಟ್ಟೀರಿ?”

ತೆಲಂಗಾಣ ಬಂತು. ಸೌಟು ಶಾರದೆಯ ಕೈಯಲ್ಲೇ ಉಳಿಯಿತು. ಕಾಲನಿಯ ಮದುವೆಗಳಲ್ಲಿ ನಾನೂ ಟವೆಲ್ಲು ಸುತ್ತಿಕೊಂಡು ಬಡಿಸಲು ನಿಲ್ಲುತ್ತೇನೆ. ಅನ್ನದ ಬುಟ್ಟಿ ಕೊಡುತ್ತಾರೆ, ನೀರಿನ ಜಗ್ಗು ಕೊಡುತ್ತಾರೆ. ಉಪ್ಪಿನ ಬಟ್ಟಲು ಮಾತ್ರ ನನ್ನನ್ನು ಸುತ್ತು ಹಾಕಿಕೊಂಡು ಹೋಗುತ್ತದೆ.